ತುಳಸಿ ಬುಡದ ಮೀನು

ಕಣ್ಣು ಮುಚ್ಚಿದರೆ ಡೊಂಬಿವಲಿಯ ಆ ಮನೆ ನನಗೆ ಈಗಲೂ ಹಸಿರಾಗಿಯೇ ಕಾಣುತ್ತದೆ. ಗೋಡೆಗೆ ಹಸಿರು ಬಣ್ಣವೇನೂ ಇರಲಿಲ್ಲ. ಅಪ್ಪ ಎಲ್ಲಿಂದಲೋ ಅಗ್ಗಕ್ಕೆ ತಂದು ಹಚ್ಚಿಸಿದ್ದ ತಿಳಿಗುಲಾಬಿ, ಮಳೆಗಾಲ ಬಂತೆಂದರೆ ಮೂಲೆಗಳಲ್ಲಿ ಹಪ್ಪಳದಂತೆ ಏಳುತ್ತಿತ್ತು. ಒಂದು ಹಾಲ್, ಒಂದು ಅಡುಗೆಮನೆ, ಇಬ್ಬರು ನಿಂತರೆ ಮೂರನೆಯವರು ಒಳಗೇ ಕಾಯಬೇಕಾದ ಬಾಲ್ಕನಿ. ಹಾಲಿನ ಮೂಲೆಯಲ್ಲಿ, ಬಾಲ್ಕನಿಯ ಬಾಗಿಲ ಪಕ್ಕಕ್ಕೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೀನಿನ ಗಾಜಿನ ತೊಟ್ಟಿ. ಅದರ ಕೆಳಗೇ ನನ್ನ ಹಾಸಿಗೆ. ಶಾಲೆಯಿಂದ ಬಂದು ಉಂಡು ಅಡ್ಡಾದರೆ, ಬಿಸಿಲು ಆ ನೀರಿನಲ್ಲಿ ಹಾದು ಗೋಡೆಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ನಿದ್ದೆಹೋದ ಆಯಿಯ ಸೀರೆಯ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ದೂರದಲ್ಲಿ ಲೋಕಲ್ ರೈಲು ಹಾದಾಗ ನೀರು ಒಮ್ಮೆ ನಡುಗುತ್ತಿತ್ತು, ಅದರೊಂದಿಗೆ ಗೋಡೆ, ಗೋಡೆಯೊಂದಿಗೆ ಆಯಿ. ನಾವೆಲ್ಲ ನೀರಿನೊಳಗೆ ಇದ್ದೇವೆ, ಮೀನುಗಳು ಹೊರಗೆ ನಿಂತು ನಮ್ಮನ್ನು ನೋಡುತ್ತಿವೆ ಎಂದುಕೊಂಡೇ ನಾನು ನಿದ್ದೆ ಹೋಗುತ್ತಿದ್ದೆ.

ಆಯಿ ಎಂದರೆ ಅಪ್ಪನ ತಾಯಿ. ಶಾಲೆಯ ಮರಾಠಿ ಗೆಳತಿಯರಿಗೆ ಆಯಿ ಎಂದರೆ ಅಮ್ಮ, ಹಾಗಾಗಿ 'ನಮ್ಮ ಆಯಿಗೆ ಹಲ್ಲಿಲ್ಲ' ಎಂದಾಗ ಅವರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಆಯಿ ಗದಗಿನ ಕಡೆಯಿಂದ ಬರುವಾಗ ತಂದದ್ದು ಮೂರೇ ಸಾಮಾನು: ದೇವರ ಪೆಟ್ಟಿಗೆ, ಒಂದು ಕೌದಿ, ತನ್ನ ತವರಿನ ತಾಮ್ರದ ಕೊಡ. ಆದರೆ ಆ ಮೂರು ಸಾಮಾನಿನಿಂದ ಇಡೀ ಮನೆಯನ್ನು ಹಿಡಿದಿಟ್ಟುಕೊಂಡಿದ್ದಳು. ಅಡುಗೆಮನೆ ಅವಳದು, ಏಕೆಂದರೆ ದೇವರು ಅಲ್ಲಿದ್ದ. ಬಾಲ್ಕನಿ ಅವಳದು, ಏಕೆಂದರೆ ತುಳಸಿ ಅಲ್ಲಿತ್ತು. ಟಿವಿ ಅಪ್ಪನದು. ಅಟ್ಟದ ಮೇಲೆ ಊರಿನ ಯಾರುಯಾರದೋ ಟ್ರಂಕು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರದೂ ಒಂದೇ ಕಾಲವಾಗಿತ್ತು, ಜಾಗ ಮಾತ್ರ ಒಬ್ಬರಿಗೇ ಇತ್ತು. ಅವ್ವನದು ಎನ್ನುವಂಥದ್ದು ಆ ಮನೆಯಲ್ಲಿ ಏನಿತ್ತು ಎಂದು ಈಗ ಹುಡುಕಿದರೆ, ಬಾಗಿಲ ಹಿಂದಿನ ಒಂದು ಮೊಳೆ ನೆನಪಾಗುತ್ತದೆ. ಅದಕ್ಕೆ ಅವಳ ಕೈಚೀಲ ತೂಗುಹಾಕಿರುತ್ತಿತ್ತು.

ತೊಟ್ಟಿ ಬಂದದ್ದು ಎದುರು ಮನೆಯ ಸುಲೋಚನಕ್ಕನಿಂದ. ಅವರು ಉಡುಪಿ ಕಡೆಯವರು, ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ. ಅವರ ಯಜಮಾನರು ಠಾಣೆಯ ಹೋಟೆಲೊಂದರಲ್ಲಿ ಕ್ಯಾಶಿಗೆ ಕೂರುತ್ತಿದ್ದರು. ಹೋಟೆಲಿನವರು ಮಾಜಿವಾಡಾದಲ್ಲಿ ಇರಲು ಜಾಗ ಕೊಟ್ಟದ್ದರಿಂದ ಅಲ್ಲಿಗೆ ಹೊರಟರು. ಹೊಸ ಮನೆಯಲ್ಲಿ ಇಡಲು ಸ್ಥಳವಿಲ್ಲವೆಂದು, ಮೀನು ತಿನ್ನುವವರ ಮನೆಯ ಮೀನುಗಳು ಮೀನು ತಿನ್ನದವರ ಮನೆಗೆ ಬಂದವು. ಟೆಂಪೋಗೆ ಸಾಮಾನು ಏರಿಸುವ ಗಡಿಬಿಡಿಯಲ್ಲಿ ಸುಲೋಚನಕ್ಕ ಅವ್ವನನ್ನು ಕರೆದು ಕೇಳಿದ್ದರು:

"ಇದನ್ನು ನೀವು ಇಟ್ಟುಕೊಳ್ತೀರಾ ಮಾರಾಯ್ತಿ? ಬೇರೆಯವರಿಗೆ ಕೊಡ್ಲಿಕ್ಕೆ ನನಗೆ ಮನಸ್ಸಿಲ್ಲ. ನೀವು ದಿನಾ ಬಂದು ನೋಡ್ತಿದ್ರಿ."

ಅವ್ವ ಯಾರನ್ನೂ ಕೇಳದೆ ಹೂಂ ಎಂದಳು. ಮದುವೆಯಾದ ಮೇಲೆ ಅವಳು ಯಾರನ್ನೂ ಕೇಳದೆ ಹೇಳಿದ ಮೊದಲ ಹೂಂ ಅದೇ ಇರಬೇಕು. ಸಂಜೆ ಅಪ್ಪ ಮಹಾಪೆಯ ಕಂಪನಿಯಿಂದ ಬಂದಾಗ ಬಾಗಿಲಲ್ಲೇ ನಿಂತುಬಿಟ್ಟ. ಆಯಿ ದೇವರ ಮುಂದೆ ಕುಳಿತವಳು ಎದ್ದು ಬಂದಳು. ನಾನು ಜಗಳವಾಗುತ್ತದೆ ಎಂದು ಹಾಸಿಗೆಯ ಸುರುಳಿಯ ಹಿಂದೆ ಸರಿದೆ. ಆದರೆ ಆಯಿ ಕೂಗಾಡುವವಳಲ್ಲ. ತೊಟ್ಟಿಯ ಸುತ್ತ ಒಮ್ಮೆ ನಡೆದು, ಒಳಗಿನ ಮೀನುಗಳನ್ನು ನೋಡಿ, ನಿಧಾನವಾಗಿ ಹೇಳಿದಳು:

"ಜೀವ ತಂದೀರಿ, ಇರ್ಲಿ. ಆದರ ಪೆಟ್ಟಿಗ್ಯಾಗ ಹಾಕಿಟ್ಟು ಸಾಯೂದನ್ನ ನೋಡೂದು ನನ್ನ ಕೈಲೆ ಆಗೂದಿಲ್ಲ. ಈ ಮನ್ಯಾಗ ಒಂದ ಮೀನ ಸತ್ತರ, ಅವತ್ತ ಸಂಜೀಕೆ ಇದು ಹೊರಗ ಹೋಗಬೇಕು."

"ಹೂಂ ಅತ್ಯಾ," ಎಂದಳು ಅವ್ವ. ಒಂದೇ ದಿನದಲ್ಲಿ ಎರಡು ಹೂಂ.

ತೊಟ್ಟಿಯೊಳಗೆ ಆಗ ಇದ್ದದ್ದು ಪ್ಲಾಸ್ಟಿಕ್ ಗಿಡ, ಬಾಯಿಂದ ಗುಳ್ಳೆ ಬಿಡುವ ಪ್ಲಾಸ್ಟಿಕ್ ಮುಳುಗುಗಾರ. ಅವ್ವ ಮಾರನೆಯ ದಿನವೇ ಎರಡನ್ನೂ ತೆಗೆದು ನನಗೆ ಆಡಲು ಕೊಟ್ಟಳು. ಜೀವ ಇರುವ ಮೀನಿಗೆ ಜೀವ ಇಲ್ಲದ ಗಿಡ ಯಾಕ ಎಂದಳು. ಈ ಹಟದ ಹಿಂದೆ ಒಂದು ಕಥೆ ಇತ್ತು. ಅವ್ವ ಹುಬ್ಬಳ್ಳಿಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಾಗ, ನೀರಿನ ಗಿಡವೊಂದನ್ನು ಗಾಜಿನ ಪಾತ್ರೆಯಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಎಲೆಗಳಿಂದ ಉಸಿರಿನ ಗುಳ್ಳೆ ಏಳುವುದನ್ನು ಪ್ರಾಕ್ಟಿಕಲ್‌ನಲ್ಲಿ ತೋರಿಸುತ್ತಾರೆಂದು ಕಾಯುತ್ತಿದ್ದಳಂತೆ. ಆ ವಾರವೇ ಅಪ್ಪನ ಮನೆಯವರು ನೋಡಲು ಬಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗುಳ್ಳೆ ನೋಡುವ ಮುಂಚೆಯೇ ಅಕ್ಷತೆ ಬಿತ್ತು. ಇದನ್ನು ಅವಳು ದುಃಖದಿಂದ ಹೇಳುತ್ತಿರಲಿಲ್ಲ, ಬಸ್ಸು ತಪ್ಪಿದವರು ಹೇಳುವಂತೆ ಹೇಳುತ್ತಿದ್ದಳು.

ಕಲ್ಯಾಣದ ಸ್ಟೇಷನ್ ಹತ್ತಿರ ಒಂದು ಮೀನಿನ ಅಂಗಡಿ ಇತ್ತು. ಅವ್ವ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು, ಏಕೆಂದರೆ ಅವಳ ಮರಾಠಿ ಭಾಜಿ ಮಾರ್ಕೆಟ್ಟಿನ ಆಚೆಗೆ ದಾಟುತ್ತಿರಲಿಲ್ಲ, ನನ್ನದು ಶಾಲೆಯದು. ಅಲ್ಲಿಂದ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಗಿಡಗಳು ಬಂದವು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಗರ್ದಿಯಲ್ಲಿ ಅವ್ವ ಆ ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿರುತ್ತಿದ್ದಳು. ಉದ್ದ ಪಟ್ಟಿಯಂಥ ಎಲೆಯ ರಿಬ್ಬನ್ ಹುಲ್ಲು, ಮೆತ್ತಗೆ ಪೊದೆಯಾಗುವ ಹೈಡ್ರಿಲ್ಲಾ, ಅಂಗಡಿಯವನು ಸುಮ್ಮನೆ ಕೊಟ್ಟ ನಾಲ್ಕಾರು ಬಸವನಹುಳು. ಗಿಡ ನೆಡಲು ರೇತಿ, ಅಂದರೆ ಮರಳು ಬೇಕಲ್ಲ. ಹಿಂದಿನ ಗಲ್ಲಿಯಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಕೇಳಿ ತಂದು, ನೀರು ತಿಳಿಯಾಗುವವರೆಗೂ ತೊಳೆದಳು. ತೊಳೆದದ್ದು ಆಯಿ ಅಕ್ಕಿ ತೊಳೆಯುವ ಬೋಗುಣಿಯಲ್ಲಿ. ಅದರಿಂದ ಮೂರು ದಿನ ಮನೆಯಲ್ಲಿ ಮಾತುಗಳೆಲ್ಲ ಅಪ್ಪನ ಮೂಲಕವೇ ಓಡಾಡಿದವು. 'ನಿನ್ನ ಹೆಂಡ್ತಿಗೆ ಹೇಳು', 'ನಿಮ್ಮ ತಾಯಿಗೆ ಹೇಳ್ರಿ'. ಅಪ್ಪ ನಡುವೆ ಕೂತು ಚಪಾತಿ ತಿನ್ನುತ್ತ ಹೇಳಿದ:

"ನಿಮ್ಮಿಬ್ಬರ ನಡುವ ಮೀನರೆ ಬದುಕ್ಯಾವು, ನಾ ಬದುಕೂದು ಖರೇ ಇಲ್ಲ."

ಗಿಡ ಬದುಕಿಸುವುದು ನಾವು ಅಂದುಕೊಂಡಷ್ಟು ಸುಲಭವಿರಲಿಲ್ಲ. ಟ್ಯೂಬ್‌ಲೈಟು ಹೆಚ್ಚು ಹೊತ್ತು ಉರಿಸಿದರೆ ಗಾಜಿಗೆಲ್ಲ ಪಾಚಿ ಹತ್ತುತ್ತಿತ್ತು, ಕಡಿಮೆ ಉರಿಸಿದರೆ ಎಲೆ ಬಿಳಿಚುತ್ತಿತ್ತು. ಬಾಲ್ಕನಿಯ ನೇರ ಬಿಸಿಲಿಗೆ ಅವ್ವ ಹಳೆಯ ದುಪಟ್ಟಾ ಒಂದನ್ನು ಪರದೆ ಮಾಡಿದಳು. ಹಾಕಿದ ಆಹಾರ ತಳದಲ್ಲಿ ಕೊಳೆತರೆ ನೀರು ಕಲಕುತ್ತಿತ್ತು. ಆದರೆ ಮೀನಿನ ಕಸವೇ ಗಿಡಕ್ಕೆ ಗೊಬ್ಬರ, ಆದ್ದರಿಂದ ತಳವನ್ನು ಪೂರಾ ಬಳಿಯಲೂ ಬಾರದು. ನೀರನ್ನು ಒಮ್ಮೆಲೇ ಬದಲಿಸಬಾರದು, ಸ್ವಲ್ಪ ತೆಗೆದು ಸ್ವಲ್ಪ ಹಾಕಬೇಕು. ನಳದ ನೀರಿಗೆ ಬ್ಲೀಚಿಂಗ್ ವಾಸನೆ, ಹಾಗಾಗಿ ಅದನ್ನು ನೀಲಿ ಪ್ಲಾಸ್ಟಿಕ್ ಬಕೀಟಿನಲ್ಲಿ ಒಂದು ದಿನ ತೆರೆದಿಡಬೇಕು. ಇದನ್ನೆಲ್ಲ ಅವ್ವ ಕೆಡಿಸಿ ಕೆಡಿಸಿ ಕಲಿತಳು. ಒಂದು ಮಧ್ಯಾಹ್ನ ನಾನು ಅರೆನಿದ್ದೆಯಲ್ಲಿದ್ದಾಗ ಅವಳ ಕೈ ನನ್ನ ಭುಜ ಅಲುಗಿಸಿತು. ಮಾತಾಡಬೇಡ ಎಂಬಂತೆ ತುಟಿಗೆ ಬೆರಳಿಟ್ಟು ತೊಟ್ಟಿಯ ಕಡೆ ತೋರಿಸಿದಳು. ಹೈಡ್ರಿಲ್ಲಾದ ತುದಿತುದಿಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇಳುತ್ತಿದ್ದವು. ರಿಬ್ಬನ್ ಹುಲ್ಲಿನ ಅಂಚಿಗೆಲ್ಲ ಬೆಳ್ಳಿಯ ಮಣಿ ಕೂತಿದ್ದವು, ಒಂದೊಂದೇ ಬಿಟ್ಟುಕೊಂಡು ತೇಲುತ್ತಿದ್ದವು. ಮನೆಯಲ್ಲಿ ಸದ್ದೇ ಇರಲಿಲ್ಲ.

"ಉಸಿರಾಡ್ಲಿಕ್ಕತ್ತಾವ ನೋಡು ಸುಮಾ," ಎಂದಳು ಅವ್ವ, ಬಹಳ ಮೆಲ್ಲಗೆ.

ಅವಳ ಕಣ್ಣು ತುಂಬಿತ್ತು. ದೊಡ್ಡವರು ಸಂತೋಷಕ್ಕೂ ಅಳುತ್ತಾರೆಂದು ನನಗೆ ತಿಳಿದದ್ದು ಆ ಮಧ್ಯಾಹ್ನ. ಆಮೇಲೆ ನನ್ನ ಬದುಕಿನಲ್ಲಿ ಪದವಿ, ಕೆಲಸ, ಮದುವೆ, ಮಗಳು ಎಲ್ಲ ಬಂದವು. ಆದರೆ ಸುಖ ಎಂದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಆ ಗುಳ್ಳೆಗಳೇ ಎದುರು ಬರುತ್ತವೆ.

ಆಯಿ ಯಾವಾಗ ಒಲಿದಳು ಎಂದು ಹೇಳುವುದು ಕಷ್ಟ. ಬೇಸಿಗೆಯಲ್ಲಿ ದಿನಾ ಕರೆಂಟು ಹೋಗುತ್ತಿತ್ತು. ಗಾಳಿಯ ಪಂಪು ನಿಂತರೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ಎತ್ತಿ, ಮೇಲಿಂದ ಮತ್ತೆ ಸುರಿದರೆ ನೀರಿಗೆ ಗಾಳಿ ಸೇರುತ್ತದೆ. ಅವ್ವ ಅಡುಗೆಯಲ್ಲಿದ್ದಾಗ ಆ ಕೆಲಸ ಒಂದು ದಿನ ಆಯಿಯ ಪಾಲಿಗೆ ಬಂತು. ಒಂದು ಕೈಯಲ್ಲಿ ಬೀಸಣಿಕೆ, ಒಂದು ಕೈಯಲ್ಲಿ ತಂಬಿಗೆ ಹಿಡಿದು, ಬಾಯಲ್ಲಿ ದೇವರ ನಾಮ ಹೇಳುತ್ತ ಅವಳು ಕರೆಂಟು ಬರುವವರೆಗೂ ಎತ್ತಿ ಸುರಿದಳು. ಅದಾದ ಮೇಲೆ ಪೂಜೆ ಮುಗಿಸಿ ತೊಟ್ಟಿಯ ಮುಂದೆ ಕೂರುವುದು ರೂಢಿಯಾಯಿತು. ಮೀನುಗಳಿಗೆ ನೆಂಟರ ಹೆಸರು ಬಿತ್ತು. ಬಾಲ ಬೀಸಿಕೊಂಡು ತಿರುಗುವ ಬಣ್ಣದ ಗಪ್ಪಿ ಮುಂಬಯಿಯ ಸೋದರಳಿಯ. ಹೊಟ್ಟೆ ಬಿಟ್ಟುಕೊಂಡು ನಿಧಾನ ಈಜುವ ಕಪ್ಪು ಮೋಲಿ ಮೀನು ಕಮಲಾಬಾಯಿ.

"ಹೊಟ್ಟಿ ನೋಡು ಆಕೀದು," ಎಂದಳು ಆಯಿ ಒಂದು ಬೆಳಿಗ್ಗೆ. "ಗದಗಿನ ಕಮಲಾಬಾಯಿದು ಉಂಡ ಹೊಟ್ಟಿ. ಇದು ಬಸುರೀದು. ಬರೇ ತಿಂದರ ಹಿಂಗ ದುಂಡಗ ಆಗೂದಿಲ್ಲ."

ಅವಳ ಮಾತು ನಿಜವಾಗಿತ್ತು. ಮೋಲಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟಿದ ಮರಿಗಳನ್ನು ದೊಡ್ಡ ಮೀನುಗಳು ನುಂಗದೆ ಬಿಡುವುದಿಲ್ಲ. ಗಿಡ ದಟ್ಟವಾಗಿದ್ದರೆ ಮಾತ್ರ ಎಲೆಗಳ ನಡುವೆ ಅಡಗಿ ಉಳಿಯುತ್ತವೆ ಎಂದು ಅಂಗಡಿಯವನು ಹೇಳಿದ್ದ. ಅವ್ವ ಹುಲ್ಲನ್ನು ಬೆಳೆಯಬಿಟ್ಟಳು. ಶ್ರಾವಣ ಹತ್ತಿರವಾಯಿತು. ಮನೆಯಲ್ಲಿ ಬಸುರಿಯೊಬ್ಬಳು ಇದ್ದಾಳೆಂಬ ಎಚ್ಚರದಲ್ಲಿ ನಾವೆಲ್ಲ ಬಾಗಿಲನ್ನೂ ಮೆಲ್ಲಗೆ ಹಾಕತೊಡಗಿದೆವು. ನಾನು ಶಾಲೆಯ ಪ್ರಬಂಧದಲ್ಲಿ 'ನಮ್ಮ ಮನೆಯಲ್ಲಿ ಐದು ಜನ' ಎಂದು ಬರೆದಿದ್ದೆ.

ಆಗಲೇ ಗಿಡಗಳು ಕರಗತೊಡಗಿದವು. ಕರಗುವುದೆಂದರೆ ಒಣಗುವುದಲ್ಲ. ರಿಬ್ಬನ್ ಹುಲ್ಲಿನ ಎಲೆ ನಡುವಿನಿಂದ ಗಾಜಿನಂತೆ ತೆಳ್ಳಗಾಗಿ, ಮುಟ್ಟಿದರೆ ಗಂಜಿಯಂತೆ ಬೆರಳಿಗೆ ಬರುತ್ತಿತ್ತು. ಹೈಡ್ರಿಲ್ಲಾ ಎಲೆ ಉದುರಿಸಿ ಬರೀ ದಾರವಾಯಿತು. ಎಲ್ಲಕ್ಕಿಂತ ಮೊದಲು ಬಸವನಹುಳುಗಳು ಹೋದವು. ಗಾಜಿಗೆ ಅಂಟಿಕೊಂಡಿರುತ್ತಿದ್ದಂಥವು ತಳಕ್ಕೆ ಬಿದ್ದು ಮತ್ತೆ ಏಳಲಿಲ್ಲ. ಅವು ಮೀನಲ್ಲ ಎಂದು ಆಯಿ ತಾನೇ ತೀರ್ಪು ಕೊಟ್ಟಳು, ಷರತ್ತಿಗೆ ಸೇರಿಸಲಿಲ್ಲ. ಅವ್ವ ಬೆಳಕು ಕಡಿಮೆ ಮಾಡಿ ನೋಡಿದಳು, ಹೆಚ್ಚು ಮಾಡಿ ನೋಡಿದಳು. ಕೊಳೆತ ಎಲೆಗಳನ್ನು ಕತ್ತರಿಯಿಂದ ತೆಗೆದಳು. ಅದನ್ನು ಕಂಡು ಆಯಿ ಅಡುಗೆಮನೆಯ ಹೊಸ್ತಿಲಿಂದಲೇ ಎಂದಳು:

"ಬಸುರಿ ಎದುರಿಗೆ ದಿನಾ ಕತ್ರಿ ಆಡಸ್ತಿ. ಇನ್ನೇನ ಆಗ್ತದ? ಹಿಂಗ ಆಗ್ತದ."

"ಕೊಳತದ್ದ ಬಿಟ್ಟರ ನೀರ ಕೆಡ್ತದ ಅತ್ಯಾ."

"ನೀರ ಕೆಟ್ಟದ್ದು ನಿನ್ನ ಪ್ಲಾಸ್ಟಿಕ್ ಬಕೀಟಿಂದ. ಹೊಲಸ ನಾರ್ತದ ಅದು."

ಅವ್ವ ನೀರು ಬದಲಿಸಿದ ದಿನ ಮೀನುಗಳು ತುಸು ಚುರುಕಾಗುತ್ತಿದ್ದವು, ಒಂದೆರಡು ದಿನ ಕಳೆದರೆ ಮತ್ತೆ ಮೂಲೆ ಹಿಡಿಯುತ್ತಿದ್ದವು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ನಾವಿಬ್ಬರೂ ಮತ್ತೆ ಕಲ್ಯಾಣಕ್ಕೆ ಹೋದೆವು. ಅಂಗಡಿಯವನು ಒಂದು ನೀಲಿ ಔಷಧಿಯ ಶೀಶೆ ತೋರಿಸಿದ. ಕೊಡುವ ಮುಂಚೆ ಗಿಡ ಇದೆಯೇ ಎಂದು ಕೇಳಿದ, ಇದೆ ಎಂದೆ. ಶೀಶೆಯನ್ನು ಮತ್ತೆ ಕಪಾಟಿಗೆ ಇಟ್ಟ.

"ಮಗ ನಕೋ. ಹ್ಯಾತ ತಾಂಬಂ ಆಹೇ. ಗೋಗಲಗಾಯಿ ಮರತಾತ, ಪಾನಂ ಪಣ ಗಳತಾತ."

ಇದರಲ್ಲಿ ತಾಮ್ರ ಇದೆಯಂತೆ, ಬಸವನಹುಳು ಸಾಯುತ್ತವಂತೆ, ಎಲೆ ಉದುರುತ್ತವಂತೆ ಎಂದು ನಾನು ಅವ್ವನಿಗೆ ಹೇಳಿದೆ. ಹಾಗಾದರೆ ಬೇಡ ಎಂದು ಅವ್ವ ಬರಿಗೈಯಲ್ಲಿ ರೈಲು ಹತ್ತಿದಳು. ಕಿಟಕಿಯ ಹೊರಗೆ ಮಳೆ, ಡಬ್ಬಿಯೊಳಗೆ ಒದ್ದೆ ಛತ್ರಿಗಳ ವಾಸನೆ. ತೊಟ್ಟಿ ಹೋದರೆ ಅವ್ವ ಮತ್ತೆ ಬಾಗಿಲ ಹಿಂದಿನ ಆ ಮೊಳೆಯ ಅವ್ವ ಆಗಿಬಿಡುತ್ತಾಳೆ ಎಂದು ನನಗೆ ಭಯವಾಯಿತು. ಆ ಭಯಕ್ಕೆ ಆಗ ಮಾತು ಇರಲಿಲ್ಲ. ಅವಳ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಡೊಂಬಿವಲಿ ಬರುವವರೆಗೂ ಬಿಡಲಿಲ್ಲ, ಅಷ್ಟೇ.

ಆ ಭಾನುವಾರ ಸುಲೋಚನಕ್ಕ ಮಾಜಿವಾಡಾದಿಂದ ನೋಡಲು ಬಂದರು. ಬಾಡಿದ ತೊಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಎಂತ ಮಾರಾಯ್ತಿ ಇದು? ನಮ್ಮಲ್ಲಿ ದಿನಾ ಬಂಗುಡೆ ಹುರಿಯುವ ಹೊಗೆ ಕುಡಿದು ಗಟ್ಟಿಮುಟ್ಟು ಇದ್ದವು. ನಿಮ್ಮ ಮಡಿಗೆ ಬಂದು ಹೀಗಾದದ್ದಾ?"

ಎಲ್ಲರೂ ನಕ್ಕರು, ಆಯಿ ಸಹ. ಆದರೆ ನಗುವಾಗ ಅವಳು ತೊಟ್ಟಿಯ ಕಡೆ ನೋಡಲಿಲ್ಲ. ಸುಲೋಚನಕ್ಕ ಹೋದ ಮೇಲೆ ಅಪ್ಪ, ಇನ್ನೊಬ್ಬರಿಗೆ ಕೊಟ್ಟುಬಿಡೋಣ, ಸಾಯುವ ಮೊದಲು ಕೊಟ್ಟರೆ ಎಲ್ಲರ ಮಾತೂ ಉಳಿಯುತ್ತದೆ ಎಂದ. ಅವ್ವ ಪಾತ್ರೆ ತೊಳೆಯುತ್ತಲೇ ಇದ್ದಳು. ವಿಚಿತ್ರವೆಂದರೆ, ಉತ್ತರ ಕೊಟ್ಟದ್ದು ಆಯಿ. ಬಸುರಿಯನ್ನ ಮನಿ ಬಿಟ್ಟು ಕಳಸೂದಿಲ್ಲ ಎಂದಳು.

ಮರುದಿನ ಬೆಳಗಿನ ಜಾವ ನಳಕ್ಕೆ ನೀರು ಬಂದ ಸದ್ದಿಗೆ ನನಗೆ ಎಚ್ಚರವಾಯಿತು. ಅಪ್ಪ ಮೊದಲ ಪಾಳಿಗೆ ಹೊರಟುಹೋಗಿದ್ದ. ಬೆಳಕು ಇನ್ನೂ ಪೂರಾ ಬಂದಿರಲಿಲ್ಲ, ಇಡೀ ಹಾಲ್ ತೊಟ್ಟಿಯ ಬಣ್ಣದಲ್ಲೇ ಇತ್ತು. ಅವ್ವ ತೊಟ್ಟಿಯ ಹತ್ತಿರ ಬಗ್ಗಿ, ಟೀ ಸೋಸುವ ಹಳೆಯ ಜರಡಿಯಿಂದ ಏನನ್ನೋ ಎತ್ತಿ ಪೇಪರಿನ ತುಂಡಿನಲ್ಲಿ ಸುತ್ತಿದಳು. ಸೆರಗಿನೊಳಗೆ ಮುಚ್ಚಿಕೊಂಡು ಬಾಲ್ಕನಿಯ ಬಾಗಿಲು ತೆರೆದಳು. ಅಲ್ಲೇ ನಿಂತುಬಿಟ್ಟಳು. ನಾನು ಎದ್ದು ಅವಳ ಬೆನ್ನ ಹಿಂದೆ ಹೋಗಿ ಇಣುಕಿದೆ. ಸ್ನಾನ ಮಾಡಿ ಒದ್ದೆ ಕೂದಲಿನಲ್ಲಿದ್ದ ಆಯಿ ತುಳಸಿಯ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಚಮಚ. ತುಳಸಿಯ ಬುಡದ ಮಣ್ಣು ಅಗೆಯುತ್ತಿದ್ದಳು.

"ಅತ್ಯಾ, ಇಲ್ಲೇನ ಮಾಡ್ಲಿಕ್ಕತ್ತೀರಿ?"

"ನೀ ಸೆರಗಿನಾಗ ಏನ ತಂದಿ, ಅದನ್ನ ಹೇಳು."

ಅವ್ವ ಪೇಪರು ಬಿಚ್ಚಿದಳು. ಬಣ್ಣದ ಬಾಲದ ಗಪ್ಪಿ, ಮುಂಬಯಿಯ ಸೋದರಳಿಯ. ಆಯಿ ತನ್ನ ಎಡಗೈ ತೆರೆದಳು. ಅಲ್ಲಿಯೂ ಒಂದು ಸಣ್ಣ ಗಪ್ಪಿ, ತುಳಸಿ ಎಲೆಯ ಮೇಲೆ ಮಲಗಿಸಿದ್ದಳು. ಆಯಿ ಅಗೆದ ಗುಣಿಯಲ್ಲಿ ಪೇಪರಿನ ಚೂರೊಂದು ಹೊರಗೆ ಕಾಣುತ್ತಿತ್ತು.

"ಇದು ಯಾರದು?" ಎಂದಳು ಆಯಿ.

"ಮೊನ್ನೀದು. ನಾ ಇಟ್ಟದ್ದು."

"ಹಂಗಾರ ಆ ಕಡೆ ಅಗೀಬ್ಯಾಡ. ಅಲ್ಲಿ ನಂದೊಂದ ಅದ."

ಅಂದರೆ ಷರತ್ತು ಹಾಕಿದವಳೂ ಷರತ್ತಿಗೆ ಒಪ್ಪಿದವಳೂ ಒಬ್ಬರಿಗೊಬ್ಬರು ತಿಳಿಯದಂತೆ ಸಾವುಗಳನ್ನು ಒಂದೇ ಕುಂಡದಲ್ಲಿ ಹೂಳುತ್ತಿದ್ದರು. ಅದೂ ಮಡಿಯಿಲ್ಲದೆ ಯಾರೂ ಮುಟ್ಟಬಾರದೆಂದು ಆಯಿಯೇ ಕಾಯುತ್ತಿದ್ದ ತುಳಸಿಯಲ್ಲಿ. ನನಗೆ ನಗು ಬಂತು. ಆದರೆ ಆಯಿಯ ಮುಖ ನೋಡಿ ನುಂಗಿಕೊಂಡೆ. ಅವಳು ಅಳುತ್ತಿದ್ದಳು. ಅಜ್ಜ ತೀರಿಕೊಂಡಾಗಲೂ ಗಟ್ಟಿಯಾಗಿದ್ದಳೆಂದು ಎಲ್ಲರೂ ಹೇಳುತ್ತಿದ್ದ ಆಯಿ.

"ನಾ ಏನ ಕಡಿಮಿ ಮಾಡಿದೆ ಹೇಳು," ಎಂದಳು. "ಬಸುರಿ ಅದಾಳಂತ ದಿನಾ ಹುಣಸಿಹಣ್ಣ ಹಚ್ಚಿ ಕೊಡ ತಿಕ್ಕೀನಿ. ರಾತ್ರೆಲ್ಲಾ ಇಟ್ಟ ನೀರು, ದೇವರಿಗೂ ಮೊದಲ ತಂಬಿಗಿ ಇವಕ್ಕ ಹಾಕೀನಿ. ನಮ್ಮ ಮನ್ಯಾಗ ಎಲ್ಲಾ ಬಸುರ್ಯಾರೂ ಇದ ನೀರ ಕುಡದಾರ. ನೀನೂ ಕುಡದಿ. ಬ್ಯಾನಿ ಬಿದ್ದಾವಂತ ಎರಡೆರಡು ತಂಬಿಗಿ ಹಾಕಿದೆ. ಆದರೂ ಹೊಂಟಾವ."

ಅವ್ವನ ಕೈಯಲ್ಲಿದ್ದ ಪೇಪರು ನಿಂತಲ್ಲೇ ನಿಂತಿತು. ನನ್ನ ಕಿವಿಯಲ್ಲಿ ಅಂಗಡಿಯವನ ಮಾತು ಮೊಳಗಿತು. ತಾಂಬಂ. ಹುಳು ಸಾಯುತ್ತವೆ, ಎಲೆ ಉದುರುತ್ತವೆ. ಹುಳಿ ಹಚ್ಚಿ ತಿಕ್ಕಿದ ತಾಮ್ರದ ಕೊಡ, ರಾತ್ರಿಯೆಲ್ಲ ಅದರಲ್ಲಿ ನಿಂತ ನೀರು, ದಿನಾ. ಕಂಡುಹಿಡಿದ ಖುಷಿಯಲ್ಲಿ ನಾನು ಬಾಯಿ ತೆರೆದೆ. ಅವ್ವ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಬೈಗುಳದ ನೋಟ ಅಲ್ಲ, ಬೇಡುವ ನೋಟವೂ ಅಲ್ಲ. ಗುಳ್ಳೆಗಳನ್ನು ತೋರಿಸಿದ ದಿನ ತುಟಿಗೆ ಬೆರಳಿಟ್ಟಿದ್ದಳಲ್ಲ, ಅದೇ ಮುಖ. ನಾನು ಬಾಯಿ ಮುಚ್ಚಿದೆ. ಅವ್ವ ಆಯಿಯ ಪಕ್ಕದಲ್ಲಿ ಕೂತಳು. ಆ ಬಾಲ್ಕನಿಯಲ್ಲಿ ಅವರಿಬ್ಬರೂ ಅಷ್ಟು ಹತ್ತಿರ ಕೂತದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

"ತಪ್ಪು ನಂದ ಅದ ಅತ್ಯಾ. ಬ್ಲೀಚಿಂಗ ಜಾಸ್ತಿ ಬಂದಿತ್ತು, ನಾ ಬಕೀಟು ಒಂದ ದಿನಾ ಇಡಲಿಲ್ಲ, ಹಂಗ ಸುರವಿದೆ. ಅದಕ್ಕ ಹೋದವು."

ಆಯಿ ಮೂಗು ಒರೆಸಿಕೊಂಡಳು.

"ಮತ್ತ ನಿಮ್ಮ ಕೊಡದ ನೀರು ಭಾರೀ ಛಲೋ, ಆದರ ಉಷ್ಣ," ಎಂದಳು ಅವ್ವ. "ನಮಗ ತಡೀತದ. ಇವು ತಣ್ಣನ ಜೀವ. ಇನ್ನಮ್ಯಾಲ ನೀರಿಂದು ನೀವ ನೋಡ್ಕೋರಿ. ನೀಲಿ ಬಕೀಟಿನಾಗ ಒಂದ ದಿನಾ ಇಟ್ಟು, ವಾಸನಿ ಹೋತೋ ಇಲ್ಲೋ ನೋಡಿ, ನೀವ ಹಾಕ್ರಿ. ನನ್ನ ಕೈಲೆ ನೆಟ್ಟಗ ಆಗೂದಿಲ್ಲ."

ಆಯಿ ಎರಡೂ ಮೀನುಗಳನ್ನು ಒಂದೇ ಗುಣಿಯಲ್ಲಿ ಇಟ್ಟು ಮಣ್ಣು ಎಳೆದಳು.

"ಉಷ್ಣ ಅಂದಮ್ಯಾಲ ಉಷ್ಣ," ಎಂದಳು. "ಕಮಲಾಬಾಯಿ ಅದಾಳಲಾ ಇನ್ನ?"

"ಅದಾಳ."

ತೊಟ್ಟಿ ಹೊರಗೆ ಹೋಗಬೇಕೆಂಬ ಮಾತನ್ನು ಅಂದು ಸಂಜೆ ಯಾರೂ ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ. ಆಯಿ ನೀರಿನ ಯಜಮಾನಿಕೆ ವಹಿಸಿಕೊಂಡಳು. ನೀಲಿ ಬಕೀಟಿಗೆ ರಂಗೋಲಿಯ ಒಂದು ಎಳೆ ಬಂತು, ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವಳು ಬಗ್ಗಿ ಮೂಸಿ, ಬೆರಳಲ್ಲಿ ಒಂದು ಹನಿ ನಾಲಿಗೆಗೆ ಇಟ್ಟು, ತಲೆಯಾಡಿಸಿದ ಮೇಲೆಯೇ ನೀರು ತೊಟ್ಟಿಗೆ ಹೋಗುತ್ತಿತ್ತು. ಅವ್ವ ಹುಲ್ಲಿನ ಬೇರು ಕಿತ್ತು ನೋಡಿದಳು. ಮೇಲೆ ಎಲ್ಲ ಕರಗಿದ್ದರೂ ಬೇರು ಬೆಳ್ಳಗೆ ಗಟ್ಟಿಯಾಗಿತ್ತು. ಮತ್ತೆ ನೆಟ್ಟಳು. ಶ್ರಾವಣದ ಕೊನೆಗೆ ರೇತಿಯಿಂದ ಗುಬ್ಬಿಯ ಕೊಕ್ಕಿನಂಥ ಹಸಿರು ಮೊಳಕೆಗಳು ಎದ್ದವು. ಕಮಲಾಬಾಯಿ ಹೆತ್ತಾಗ ಹುಲ್ಲು ನನ್ನ ಗೇಣಿನಷ್ಟಾಗಿತ್ತು. ಕಪ್ಪು ಎಳ್ಳಿನಷ್ಟು ಮರಿಗಳು, ಎಲೆಗಳ ನಡುವೆ ಅಡಗಿದವು. ಕೆಲವು ಹೋದವು, ಹಲವು ಉಳಿದವು. ಆಯಿ ಅಂದು ಸಿರಾ ಮಾಡಿದಳು. ಕಪ್ಪು ಮೀನಿನ ಬಾಣಂತನಕ್ಕೆ ಇಡೀ ಮಾಳಿಗೆಗೆ ಸಿಹಿ ಹಂಚಿದ ಮನೆ ಡೊಂಬಿವಲಿಯಲ್ಲಿ ನಮ್ಮದೊಂದೇ ಇರಬೇಕು.

ಈಗ ನಾನು ಐರೋಲಿಯಲ್ಲಿದ್ದೇನೆ. ಹಾಲಿನಲ್ಲಿ ತೊಟ್ಟಿ ಇದೆ. ಅದರಲ್ಲಿರುವುದು ಆ ರಿಬ್ಬನ್ ಹುಲ್ಲಿನದೇ ಸಂತಾನ. ಬೇರು ಒಡೆಯುತ್ತ, ಮನೆಯಿಂದ ಮನೆಗೆ ಬಕೀಟಿನಲ್ಲಿ ಪ್ರಯಾಣ ಮಾಡುತ್ತ ಬಂದದ್ದು. ಮೊನ್ನೆ ನನ್ನ ಮಗಳು ಕಾಲೇಜಿನಿಂದ ಬಂದವಳು ತನ್ನ ಬಾಟಲಿಯಲ್ಲಿ ಉಳಿದ ನೀರನ್ನು ತೊಟ್ಟಿಗೆ ಸುರಿಯಲು ಹೋದಳು. ಈಗಿನ ಫ್ಯಾಷನ್ನಿನ ತಾಮ್ರದ ಬಾಟಲಿ. ನಾನು ಅಡುಗೆಮನೆಯಿಂದಲೇ ಕೂಗಿದೆ:

"ಬ್ಯಾಡ, ಅವಕ್ಕ ಉಷ್ಣ ಆಗ್ತದ."

"ಕ್ಯಾ ಮಮ್ಮಾ, ಪಾನೀ ಹೀ ತೋ ಹೈ," ಎಂದಳು ಅವಳು, ಬರೀ ನೀರೇ ಅಲ್ಲವೇ ಎಂಬಂತೆ.

ತಾಮ್ರದ ವಿಜ್ಞಾನ ನನಗೆ ಈಗ ಚೆನ್ನಾಗಿ ಗೊತ್ತಿದೆ, ಬೇಕಾದರೆ ವಿವರಿಸಬಲ್ಲೆ. ಆದರೆ ಬಾಯಿಗೆ ಬಂದದ್ದು ಅವ್ವನ ಆ ಸುಳ್ಳೇ. ಆ ಸುಳ್ಳನ್ನು ಆಯಿ ನಂಬಿದ್ದಳೆಂದು ನಾವಿಬ್ಬರೂ ವರ್ಷಗಟ್ಟಲೆ ತಿಳಿದಿದ್ದೆವು. ಆಯಿ ಹಾಸಿಗೆ ಹಿಡಿದ ಕಾಲಕ್ಕೆ ನಾನು ಕೆಲಸಕ್ಕೆ ಸೇರಿದ್ದೆ. ಅವಳ ಮಂಚವನ್ನು ತೊಟ್ಟಿಯ ಪಕ್ಕದಲ್ಲೇ ಹಾಕಿದ್ದೆವು, ನನ್ನ ಹಳೆಯ ಜಾಗದಲ್ಲಿ. ಒಂದು ಮಧ್ಯಾಹ್ನ, ನೀರಿನ ಬೆಳಕು ಅವಳ ಕೌದಿಯ ಮೇಲೆ ಅಲುಗುತ್ತಿದ್ದಾಗ, ತಾಮ್ರದ ಕೊಡ ತರಲು ಹೇಳಿದಳು. ಅದನ್ನು ಎದೆಯ ಮೇಲೆ ಇಟ್ಟುಕೊಂಡು ಕಂಠವನ್ನು ಬೆರಳಿಂದ ಸವರಿದಳು. ಆಮೇಲೆ ಅವ್ವನ ಕಡೆ ಸರಿಸಿದಳು.

"ಇದು ಇನ್ನ ನಿಂದು. ಕುಡಿಯೂ ನೀರ ಇಡು. ಮೀನಿಗೆ ಮಾತ್ರ ಹಾಕಬ್ಯಾಡ."

"ಉಷ್ಣ ಅಲಾ," ಎಂದಳು ಅವ್ವ, ಅಭ್ಯಾಸದಂತೆ.

ಆಯಿಯ ಬೊಚ್ಚು ಬಾಯಿ ನಗೆಯಲ್ಲಿ ಅಗಲವಾಯಿತು. ಅವಳು ಅವ್ವನನ್ನು ನೋಡಿದಳು, ಆಮೇಲೆ ನನ್ನನ್ನು.

"ಅವತ್ತ ಈ ಕೂಸು ಏನೋ ಹೇಳಲಿಕ್ಕೆ ಬಾಯಿ ತಗದಿತ್ತು. ನೀ ಬರೇ ನೋಡಿದಿ, ಅದು ಬಾಯಿ ಮುಚ್ಚಿತು. ನನ್ನ ಕಣ್ಣ ಆಗ ಛಲೋ ಇದ್ದವಲ್ಲ."

ಅವ್ವ ಕೊಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಆಯಿ, ಬಕೀಟಿನ ನೀರಿನ ವಾಸನೆ ಹೋಯಿತೋ ಇಲ್ಲವೋ ನೋಡಿ ಬಾ ಎಂದು ನನ್ನನ್ನು ಕಳಿಸಿದಳು.